ಬಾಣಲೆ ಅಕ್ಕನ ಕಪ್ಪು ಪರದೆ

ಆ ಬೀದಿಯಲ್ಲಿ ಮಟಮಟ ಮಧ್ಯಾಹ್ನ ಕಿಟಕಿಗೆ ಕಪ್ಪು ಪರದೆ ಎಳೆದಿರುವ ಮನೆ ಒಂದೇ, ಅದು ಬಾಣಲೆ ಅಕ್ಕನದು. ಪೇಪರ್ ಹಾಕುವವನಿಗೆ, ಗ್ಯಾಸ್ ಸಿಲಿಂಡರ್ ತರುವವನಿಗೆ, ಎದುರು ಮನೆಯ ಮಕ್ಕಳಿಗೆ, ಎಲ್ಲರಿಗೂ ಗೊತ್ತು: ಪರದೆ ಬಿದ್ದಿದ್ದರೆ ಬೆಲ್ ಒತ್ತುವಂತಿಲ್ಲ. ಗೊತ್ತಿಲ್ಲದೆ ಒತ್ತಿದವರು ಅಕ್ಕನ ಅತ್ತೆಯ ಕೈಯಲ್ಲಿ ಚೆನ್ನಾಗಿ ಮಂಗಳಾರತಿ ಮಾಡಿಸಿಕೊಂಡು ಹೋಗಿದ್ದಾರೆ. ಆ ಮುದುಕಿಯ ಬೈಗುಳದ ಸದ್ದಿಗೇ ಅಕ್ಕನಿಗೆ ಎಚ್ಚರವಾಗುತ್ತಿತ್ತು ಎಂಬುದು ಬೇರೆ ಮಾತು.

ಬಾಣಲೆ ಎಂದರೆ ಊರಾಚೆಯ ಬೋಳುಗುಡ್ಡದ ಮೇಲೆ ಬಾಯಿ ತೆರೆದುಕೊಂಡು ಕೂತಿರುವ ದೊಡ್ಡ ಆಂಟೆನಾ. ಕಟ್ಟಿದವರು ಅದಕ್ಕೊಂದು ಮಾರುದ್ದದ ಹೆಸರಿಟ್ಟಿದ್ದರು. ಊರಿನವರು ಬಾಣಲೆ ಎಂದರು. ಊರಿನವರ ಬಾಯಿಂದ ಅದು ಆಫೀಸಿಗೂ ಬಂತು. ಈಗ ಅಲ್ಲಿನ ಇನ್‌ಚಾರ್ಜ್ ಕೂಡ ಫೋನಿನಲ್ಲಿ "ಬಾಣಲೆ ಪಶ್ಚಿಮಕ್ಕೆ ತಿರುಗಿಸಿದ್ದೀವಿ ಸರ್" ಎಂದೇ ಹೇಳುವುದು. ಅದನ್ನು ತಿರುಗಿಸಿ ಆಕಾಶಕ್ಕೆ ಹಿಡಿಯುವ ಕೆಲಸ ಅಕ್ಕನದು. ಮದುವೆಗೆ ಮುಂಚೆ ರೇಡಿಯೋ ರಿಪೇರಿ ಕಲಿತಿದ್ದಳು, ಕೆಲಸಕ್ಕೆ ಕರೆದರು, ಸೇರಿಕೊಂಡಳು. ಚುಕ್ಕಿ ಚಂದ್ರ ಎಂಬ ಹುಚ್ಚೇನೂ ಇರಲಿಲ್ಲ. ಹೊಟ್ಟೆಪಾಡು, ಅಷ್ಟೇ.

ಆಕೆಯ ಪಾಲಿಗೆ ಬಂದದ್ದು ಒಂದೇ ಒಂದು ಉಪಗ್ರಹ. ಬೇರೆ ಎಷ್ಟೋ ಉಪಗ್ರಹಗಳು ಗಾಣದೆತ್ತಿನ ಹಾಗೆ ಭೂಮಿಯ ಸುತ್ತ ಒಂದೇ ಅಳತೆಯಲ್ಲಿ ಸುತ್ತುತ್ತವೆ. ಇದು ಆ ಜಾತಿಯದಲ್ಲ. ಇದರ ದಾರಿ ಉದ್ದಕ್ಕೆ ಎಳೆದ ಮೊಟ್ಟೆಯ ಆಕಾರದ್ದು. ಚಂದ್ರನ ಕಡೆಗೆ ಹತ್ತಿರ ಹತ್ತಿರ ಅರ್ಧ ದಾರಿ ಹೋಗುತ್ತದೆ, ಅಲ್ಲಿ ಸೋಮಾರಿಯಂತೆ ತೆವಳುತ್ತದೆ. ಆಮೇಲೆ ಭೂಮಿ ಎಳೆದಂತೆಲ್ಲ ವೇಗ ಹೆಚ್ಚಿಸಿಕೊಂಡು ಓಡೋಡಿ ಬಂದು, ನೆಲಕ್ಕೆ ಹತ್ತಿರದಲ್ಲಿ ಸುಯ್ಯೆಂದು ಒಂದು ಸುತ್ತು ಹೊಡೆದು, ಬಂದಷ್ಟೇ ಅವಸರದಲ್ಲಿ ಮತ್ತೆ ಆಚೆಗೆ ಹೊರಡುತ್ತದೆ. ಸೂರ್ಯನಿಂದ ಬೀಸಿ ಬರುವ ಕಣಗಳ ಗಾಳಿ ಭೂಮಿಯ ಕಾಂತದ ಹೊದಿಕೆಗೆ ಎಲ್ಲಿ ಬಡಿಯುತ್ತದೆ, ಬಡಿದಾಗ ಏನಾಗುತ್ತದೆ ಎಂದು ಅಳೆಯುವುದು ಅದರ ಕೆಲಸ. ಹೊದಿಕೆಯ ಒಳಗೂ ಇರಬೇಕು, ಹೊರಗೂ ಹೋಗಬೇಕು, ಅದಕ್ಕೇ ಆ ವಿಚಿತ್ರ ದಾರಿ.

ಒಂದು ಸುತ್ತಿಗೆ ಮೂರು ದಿನಕ್ಕೆ ಕೊಂಚ ಕಡಿಮೆ. ಆ ಕೊಂಚವೇ ಅಕ್ಕನ ಬಾಳನ್ನು ತಿಂದದ್ದು. ಸರಿಯಾಗಿ ಮೂರು ದಿನವಾಗಿದ್ದರೆ ಮನುಷ್ಯರ ಗಡಿಯಾರಕ್ಕೆ ಹೇಗೋ ಹೊಂದಿಕೊಳ್ಳುತ್ತಿತ್ತು. ಹಾಗಾಗಲಿಲ್ಲ. ಅದು ಹತ್ತಿರ ಬರುವ ಹೊತ್ತು ಪ್ರತಿ ಸಲ ಹಿಂದೆ ಹಿಂದೆ ಸರಿಯುತ್ತಿತ್ತು: ಈಗ ಬೆಳಗಿನ ಜಾವ, ಆಮೇಲೆ ನಡುರಾತ್ರಿ, ಅದಾದ ಮೇಲೆ ಸಂಜೆ ದೀಪ ಹಾಕುವ ಹೊತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರೆ. ಇದು ಬರುವುದೇನೋ ಬಂದೇ ಬರುತ್ತಿತ್ತು. ಆದರೆ ಬಾವಿಕಟ್ಟೆಯ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಗಲೂ ರಾತ್ರಿ ಕಾದು ಕೂರಬೇಕಾದವಳು ಅಕ್ಕ. ಹತ್ತಿರ ಬಂದಾಗಿನ ಪಾಳಿಗೆ ಕೈ ನುರಿತಿರಬೇಕು ಎಂದು ಅದನ್ನು ಪ್ರತಿ ಸಲ ಅವಳಿಗೇ ಹಾಕುತ್ತಿದ್ದರು. ಚೆನ್ನಾಗಿ ಕೆಲಸ ಮಾಡಿದವರಿಗೆ ಸಿಗುವ ಬಹುಮಾನ ಇನ್ನಷ್ಟು ಕೆಲಸವೇ ತಾನೇ.

ಅವಳ ಗಂಡ ಶಾಲಾ ಬಸ್ಸಿನ ಡ್ರೈವರ್. ಬೆಳಗಾಗುವ ಮುಂಚೆ ಎದ್ದು ಹೊರಡುವವನು, ರಾತ್ರಿ ಊಟವಾದರೆ ಕಣ್ಣು ತೆರೆದಿಡಲಾರದವನು, ಹಗಲು ನಿದ್ದೆ ಎಂದರೆ ಏನೆಂದೇ ಅರಿಯದವನು. ಹೀಗಾಗಿ ಗಂಡಹೆಂಡತಿ ಒಂದೇ ಹಾಸಿಗೆಗೆ ಪಾಳಿ ಹಾಕಿಕೊಂಡಂತೆ ಮಲಗುತ್ತಿದ್ದರು. ಅವನು ಎದ್ದ ಜಾಗದ ಬಿಸಿ ಆರುವ ಮುಂಚೆ ಅವಳು ಬಂದು ಬೀಳುತ್ತಿದ್ದಳು. "ಎತ್ತು ಏರಿಗೆ, ಕೋಣ ನೀರಿಗೆ" ಎಂದು ಅತ್ತೆ ಹಂಗಿಸುತ್ತಿದ್ದಳು. ಇಬ್ಬರಲ್ಲಿ ಕೋಣ ಯಾರೆಂದು ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ.

ಶಾಲಾ ಬಸ್ಸಿನವರಿಗೆ ಒಂದು ಕಟ್ಟಳೆ ಇದೆ. ಮಕ್ಕಳೆಲ್ಲ ಇಳಿದ ಮೇಲೆ ಡ್ರೈವರ್ ಎದ್ದು ಕೊನೆಯ ಸೀಟಿನವರೆಗೆ ನಡೆದು ನೋಡಿ ಬರಬೇಕು. ಯಾವ ಮಗು ಎಲ್ಲಿ ಮುದುಡಿಕೊಂಡು ನಿದ್ದೆ ಹೋಗಿದೆಯೋ ಯಾರಿಗೆ ಗೊತ್ತು? ಕನ್ನಡಿಯಲ್ಲಿ ನೋಡಿದರೆ ಸಾಲದು, ನಡೆದೇ ನೋಡಬೇಕು. ಇವನು ಆ ಕಟ್ಟಳೆಯನ್ನು ಮನೆಗೂ ತಂದಿದ್ದ. ಗ್ಯಾಸ್ ಆರಿಸಿದೆ ಎಂದರೆ "ಕೊನೇ ಸೀಟು ನೋಡಿದ್ಯಾ?" ಬಾಗಿಲು ಹಾಕಿದೆ ಎಂದರೆ "ಕೊನೇ ಸೀಟು?" ಮಗಳ ಮದುವೆ ಮುಗಿದು ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದಾಗ ಇವನು ಹಾಲ್‌ನ ಕೊನೆಯ ಸಾಲಿನ ಕುರ್ಚಿಗಳ ಕೆಳಗೆ ಬಗ್ಗಿ ಬಗ್ಗಿ ನೋಡುತ್ತಿದ್ದ.

ಕಪ್ಪು ಪರದೆಯನ್ನು ಹೊಲಿದವನೂ ಅವನೇ. ಮಗಳು ಕೈಗೂಸಾಗಿದ್ದಾಗ ಅಕ್ಕ ಹಗಲು ನಿದ್ದೆ ಬಾರದೆ ಒಂದು ದಿನ ಅಡುಗೆಮನೆಯಲ್ಲಿ ನಿಂತಲ್ಲೇ ತೂಕಡಿಸಿ ಒಲೆಗೆ ಕೈ ಸುಟ್ಟುಕೊಂಡಳು. ಅವನು ಮರುದಿನ ದಪ್ಪ ಕಪ್ಪು ಬಟ್ಟೆ ತಂದು, ಎರಡು ಪದರ ಮಾಡಿ, ದಬ್ಬಳದಲ್ಲಿ ತಾನೇ ಹೊಲಿದು ಕಿಟಕಿಗೆ ನೇತುಹಾಕಿದ. ಮಗಳು ಬೆಳೆದದ್ದು ಆ ಪರದೆಯ ಆಚೆ, ತುದಿಗಾಲಿನಲ್ಲಿ. ಈಗ ಅವಳಿಗೆ ಅವಳದೇ ಮನೆ, ಅಲ್ಲಿ ಹಗಲು ಮಲಗುವವರು ಯಾರೂ ಇಲ್ಲ. ಆದರೂ ಬಾಗಿಲನ್ನು ಸದ್ದಾಗದಂತೆ ಹಾಕುತ್ತಾಳೆ, ಪಿಸುಮಾತಿನಂತೆ ಮಾತಾಡುತ್ತಾಳೆ. "ನಿಮ್ಮ ಮಗಳು ಎಷ್ಟು ನಯ" ಎಂದು ಬೀಗಿತ್ತಿ ಹೊಗಳಿದಾಗ ಅಕ್ಕ ಮುಖ ಆಚೆ ತಿರುಗಿಸಿಕೊಂಡಳು.

ಅಕ್ಕನಿಗೆ ಸಾಕಾಗಿತ್ತು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಮೊದಲೆಲ್ಲ ಆಯಾಸ ಮಲಗಿದರೆ ಹೋಗುತ್ತಿತ್ತು. ಈಗ ಮಲಗಿ ಎದ್ದರೂ ಹೋಗದೆ ಮೈಯಲ್ಲೇ ಮನೆ ಮಾಡಿಕೊಂಡಿತ್ತು. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಹತ್ತುತ್ತಿದ್ದೆನೋ ಇಳಿಯುತ್ತಿದ್ದೆನೋ ಎಂದು ಯೋಚಿಸಬೇಕಾಗುತ್ತಿತ್ತು.

ಇಂಥದ್ದರಲ್ಲಿ ಉಪಗ್ರಹದ ದನಿ, ಎಂದರೆ ಅದು ಕಳಿಸುವ ರೇಡಿಯೋ ಸಂಕೇತ, ಇಳಿಯಿತು. ಹತ್ತಿರ ಬಂದಾಗ ಪರವಾಗಿಲ್ಲ. ದೂರ ಹೋದಾಗ, ಅಂದರೆ ಅದರ ನಿಜವಾದ ಕೆಲಸವಿರುವ ಜಾಗದಲ್ಲೇ, ದನಿಯ ಜೋರು ತೋರಿಸುವ ಮೀಟರಿನ ಮುಳ್ಳು ಮೇಲೇಳುತ್ತಿರಲಿಲ್ಲ. ಅಳತೆಗಳು ಅರ್ಧಂಬರ್ಧ ಬರುತ್ತಿದ್ದವು. ಆ ಅಳತೆಗಳಿಗಾಗಿ ಕಾಯುತ್ತಿದ್ದವರು ದೂರದ ಊರಿನ ಒಬ್ಬ ವಿಜ್ಞಾನಿ, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಮೆದುಮಾತಿನ ಹಿರಿಯರು. ಅಕ್ಕ ಅವರನ್ನು ಕಣ್ಣಿನಿಂದ ಕಂಡದ್ದಿಲ್ಲ, ಫೋನಿನಲ್ಲಷ್ಟೇ ಪರಿಚಯ. ಉಪಗ್ರಹವೋ, ಇಷ್ಟು ವರ್ಷ ಎಂದು ಗೊತ್ತು ಮಾಡಿ ಕಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಬದುಕಿತ್ತು. ವಯಸ್ಸಾಯಿತು ಎಂದರು. ವಯಸ್ಸಾಯಿತು ಎಂದಮೇಲೆ ಮುಗಿಯಿತು, ಯಾರೂ ಮುಟ್ಟಿ ನೋಡುವುದಿಲ್ಲ. ಅತ್ತೆಯ ಮಂಡಿನೋವಿಗೆ ಡಾಕ್ಟರೂ ಹೇಳಿದ್ದು ಅದನ್ನೇ. "ವಯಸ್ಸಾಯ್ತು ಅನ್ನೋದು ಯಾವ ಕಾಯಿಲೆ ಕಣೇ? ಅದಕ್ಕೆ ಯಾವ ಮಾತ್ರೆ ಬರ್ದಿದಾನೆ ನೋಡು" ಎಂದು ಅವಳು ಚೀಟಿ ಹಿಡಿದುಕೊಂಡು ತಿಂಗಳುಗಟ್ಟಲೆ ಗೊಣಗಿದ್ದಳು.

ದೊಡ್ಡವರು ಸಭೆ ಕೂತು ತೀರ್ಮಾನ ಮಾಡಿದರು. ಮುಂದಿನ ಸಲ ಹತ್ತಿರ ಬಂದಾಗ ಆಜ್ಞೆ ಕಳಿಸಿ ಅದರ ರೇಡಿಯೋ ಆರಿಸಿಬಿಡುವುದು. ಒಮ್ಮೆ ಆರಿಸಿದರೆ ಮತ್ತೆ ಎಬ್ಬಿಸುವ ದಾರಿಯಿಲ್ಲ.

ಇನ್‌ಚಾರ್ಜ್ ಅಕ್ಕನಿಗಿಂತ ಚಿಕ್ಕ ಪ್ರಾಯದವರು, ಒಳ್ಳೆಯ ಮನುಷ್ಯ. "ಅಕ್ಕ, ನಿಮ್ಮ ಜಾಗರಣೆ ಮುಗೀತು" ಎಂದರು. "ಇದು ಆರಿದ ಮೇಲೆ ನಿಮ್ಮನ್ನ ಸ್ಟೋರ್ಸ್‌ಗೆ ಹಾಕ್ತೀನಿ. ಬರೀ ಹಗಲು ಡ್ಯೂಟಿ. ರಾತ್ರಿ ಮನೇಲಿ ಮಲ್ಕೊಳ್ಳಿ."

ಅಕ್ಕ ಸರಿ ಎಂದು ತಲೆಯಾಡಿಸಿ, ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು ಅತ್ತಳು. ದುಃಖಕ್ಕಲ್ಲ.

ಮನೆಯಲ್ಲಿ ಅತ್ತೆ ಕೇಳಿದಳು: "ಸತ್ತಿತಾ ಅದು?"

"ಇನ್ನೂ ಇಲ್ಲ ಅತ್ತೆ. ಈ ವಾರ."

"ಅದೂ ನಾನೂ ಜೊತೆಗೇ ಹೋಗ್ತೀವಿ ಅಂದ್ಕೊಂಡಿದ್ದೆ. ನನಗಿಂತ ಮುಂಚೆ ಗಂಟುಮೂಟೆ ಕಟ್ತಲ್ಲ, ಪುಣ್ಯಾತ್ಮ."

ಗಂಡ ಅವತ್ತು ರಾತ್ರಿ ಊಟಕ್ಕೆ ಕೂತಾಗ ಕಾರಣವಿಲ್ಲದೆ ಮೂರು ಸಲ ನಕ್ಕ.

ಆರಿಸುವುದಕ್ಕೆ ಒಂದು ದಿನ ಉಳಿದಿತ್ತು. ಮಧ್ಯಾಹ್ನದ ಪಾಳಿ, ಕಂಟ್ರೋಲ್ ರೂಮಿನಲ್ಲಿ ಅಕ್ಕ ಒಬ್ಬಳೇ. ಮೇಜಿನ ಮೇಲೆ ಆರಿದ ಟೀ, ಎದುರಿಗೆ ಸಾಲು ಮೀಟರುಗಳು, ಕಿಟಕಿಯಾಚೆ ಬಾಣಲೆ. ಹಳೆಯ ಬಾಣಲೆ ಅದು. ಉಪಗ್ರಹದ ದನಿಯನ್ನು ತಾನೇ ಹುಡುಕಿ ಹಿಂಬಾಲಿಸುವ ಭಾಗ ಯಾವತ್ತೋ ಸುಟ್ಟುಹೋಗಿತ್ತು. ಇಂಥ ಹೊತ್ತಿಗೆ ಇಂಥ ಕೋನಕ್ಕೆ ತಿರುಗು ಎಂದು ಕಂಪ್ಯೂಟರ್ ಹೇಳಿದಂತೆ ತಿರುಗುತ್ತಿತ್ತು, ಅಷ್ಟೇ. ಅವತ್ತು ಗಾಳಿ ಜೋರಾಗಿತ್ತು. ಗಾಳಿ ಮಿತಿ ಮೀರಿದರೆ ಬಾಣಲೆಯ ಮುಖವನ್ನು ನೆತ್ತಿಯ ಕಡೆಗೆ ಎತ್ತಿಟ್ಟು ಕೆಲಸ ನಿಲ್ಲಿಸಬೇಕು. ಅದಕ್ಕೇ ಅಕ್ಕ ಒಂದು ಕಣ್ಣು ಕಿಟಕಿಯಾಚೆ, ಒಂದು ಕಣ್ಣು ಮೀಟರಿನ ಮೇಲೆ ಇಟ್ಟುಕೊಂಡು ಕೂತಿದ್ದಳು.

ಒಂದು ಬಿರುಗಾಳಿ ಬಂದು ಬಾಣಲೆಗೆ ಬಡಿಯಿತು. ಬಾಣಲೆ ನಡುಗಿತು. ಮೀಟರಿನ ಮುಳ್ಳು ಟಣ್ಣನೆ ಮೇಲಕ್ಕೆ ಹಾರಿ ಮತ್ತೆ ಕೆಳಗೆ ಬಿತ್ತು.

ಅಕ್ಕ ಕಣ್ಣುಜ್ಜಿಕೊಂಡಳು. ನಿದ್ದೆಗೆಟ್ಟ ಕಣ್ಣು, ಏನೋ ಕಂಡಿರಬೇಕು ಎಂದುಕೊಂಡಳು. ಇನ್ನೊಂದು ಸಲ ಗಾಳಿ ಬಡಿಯಿತು. ಮುಳ್ಳು ಮತ್ತೆ ಮೇಲೆದ್ದಿತು.

ಅದು ಹಾಗಾಗಕೂಡದು. ಉಪಗ್ರಹದ ಕಡೆ ನೇರವಾಗಿ ನೋಡುತ್ತಿರುವ ಬಾಣಲೆ ಅಲುಗಿದರೆ ದನಿ ಕಡಿಮೆಯಾಗಬೇಕು, ಮುಳ್ಳು ಕೆಳಗಿಳಿಯಬೇಕು. ಅಲುಗಿದಾಗ ದನಿ ಹೆಚ್ಚಾಯಿತು ಎಂದರೆ ಅರ್ಥ ಒಂದೇ. ಬಾಣಲೆ ಇಷ್ಟು ದಿನ ನೇರ ನೋಡುತ್ತಲೇ ಇಲ್ಲ. ಸೊಟ್ಟ ಮುಖ ಮಾಡಿಕೊಂಡು ಪಕ್ಕಕ್ಕೆ ನೋಡುತ್ತಿದೆ. ಗಾಳಿ ಪಾಪ ಒಂದು ಕ್ಷಣ ಅದರ ಕತ್ತು ಹಿಡಿದು ಸರಿಯಾದ ಕಡೆಗೆ ತಿರುಗಿಸಿತ್ತು. ಉಪಗ್ರಹದ ದನಿ ಇಳಿದೇ ಇರಲಿಲ್ಲ. ಅದಕ್ಕೆ ಯಾವ ವಯಸ್ಸೂ ಆಗಿರಲಿಲ್ಲ.

ಯಾವತ್ತಿನಿಂದ ಎಂದು ಯೋಚಿಸಬೇಕಾಗಲಿಲ್ಲ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ. ಕೆಲವು ತಿಂಗಳ ಹಿಂದೆ ಬಾಣಲೆಯ ಗೇರ್‌ಬಾಕ್ಸ್ ಬಿಚ್ಚಿ ರಿಪೇರಿ ಮಾಡಿದ್ದರು. ಗೇರ್ ಬಿಚ್ಚಿ ಜೋಡಿಸಿದ ಮೇಲೆ ಬಾಣಲೆಯನ್ನು ಒಮ್ಮೆ ಸೂರ್ಯನಿಗೆ ತೋರಿಸಬೇಕು, ಅದು ಅಲ್ಲಿನ ಪದ್ಧತಿ. ಸೂರ್ಯನೂ ರೇಡಿಯೋದಲ್ಲಿ ಸದಾ ಗೊರಗೊರ ಎನ್ನುತ್ತಿರುತ್ತಾನೆ, ಅವನು ಎಷ್ಟು ಹೊತ್ತಿಗೆ ಎಲ್ಲಿರುತ್ತಾನೆ ಎಂಬುದು ಒಂದು ಕೂದಲೆಳೆಯೂ ತಪ್ಪದ ಲೆಕ್ಕ. ಬಾಣಲೆಗೆ ಆ ಗೊರಗೊರ ಎಲ್ಲಿ ಜೋರಾಗಿ ಕೇಳುತ್ತದೋ ನೋಡಿದರೆ, ಅದರ ಕತ್ತು ಎಷ್ಟು ಸೊಟ್ಟಗಾಗಿದೆ ಎಂದು ಗೊತ್ತಾಗುತ್ತದೆ, ಸರಿಪಡಿಸಬಹುದು.

ಅವತ್ತು ಅಕ್ಕ ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದು ನೇರ ಪಾಳಿಗೆ ಬಂದಿದ್ದಳು. ಅತ್ತೆ ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದಳು. ಮೆಕ್ಯಾನಿಕ್‌ಗಳು ಕೈಯ ಗ್ರೀಸ್ ಒರೆಸಿಕೊಂಡು ಹೊರಟಾಗ ಉಪಗ್ರಹ ಹತ್ತಿರ ಬರುವ ಹೊತ್ತಾಗಿತ್ತು. ಸೂರ್ಯನಿಗೆ ತೋರಿಸುತ್ತ ಕೂತರೆ ಅದು ಓಡಿಹೋಗುತ್ತದೆ. ಅಕ್ಕ ಬಾಣಲೆಯನ್ನು ನೇರ ಉಪಗ್ರಹಕ್ಕೇ ಹಿಡಿದಳು. ದನಿ ಚೆನ್ನಾಗಿ ಕೇಳಿತು. ಕೇಳದೆ ಇನ್ನೇನು? ಹತ್ತಿರ ನಿಂತವರ ಮಾತು ಮುಖ ತಿರುಗಿಸಿಕೊಂಡಿದ್ದರೂ ಕೇಳಿಸುತ್ತದೆ, ದೂರದವರ ಮಾತಿಗೇ ಕಿವಿ ನೇರ ಹಿಡಿಯಬೇಕಾದದ್ದು. ಇನ್‌ಚಾರ್ಜ್ ಫೋನು ಮಾಡಿ "ಸೂರ್ಯನಿಗೆ ತೋರ್ಸಿದ್ರಾ ಅಕ್ಕ?" ಎಂದು ಕೇಳಿದಾಗ, "ಹೂಂ, ಸರಿಯಿದೆ" ಎಂದುಬಿಟ್ಟಳು. ನಾಳೆ ತೋರಿಸೋಣ ಎಂದುಕೊಂಡಿದ್ದಳು. ನಾಳೆ ಎಂದವನ ಮನೆ ಹಾಳು ಎಂದು ಸುಮ್ಮನೆ ಹೇಳುತ್ತಾರೆಯೇ? ಮರುದಿನ ಅತ್ತೆಗೆ ಜ್ವರ ಬಂತು, ಅದರ ಮರುದಿನ ಇನ್ನೇನೋ, ಕೊನೆಗೆ ಮರೆತೇ ಹೋಯಿತು.

ಈಗ ಅಕ್ಕ ಮೀಟರನ್ನೇ ನೋಡುತ್ತ ಕೂತಳು. ಹೇಳಿದರೆ ಬಾಣಲೆಯ ಕತ್ತು ನೇರ ಮಾಡುತ್ತಾರೆ, ಉಪಗ್ರಹ 'ಬದುಕಿದೆ' ಎನ್ನುತ್ತಾರೆ, ಇನ್ನು ನಾಲ್ಕೈದು ವರ್ಷವಾದರೂ ನಡೆಸುತ್ತಾರೆ. ಅವಳ ನಿವೃತ್ತಿಗೂ ಉಳಿದಿದ್ದದ್ದು ಹೆಚ್ಚುಕಮ್ಮಿ ಅಷ್ಟೇ. ಅಂದರೆ ಈ ಬಾಳಿನಲ್ಲಿ ಹಗಲು ಡ್ಯೂಟಿ ಇಲ್ಲ. ಹೇಳದಿದ್ದರೆ ಏನೂ ಮಾಡಬೇಕಾಗಿಲ್ಲ. ಸುಮ್ಮನೆ ಕೂತರೆ ಸಾಕು, ನಾಳೆ ರಾತ್ರಿ ತಾನಾಗಿ ಎಲ್ಲ ಮುಗಿಯುತ್ತದೆ.

ಇನ್‌ಚಾರ್ಜ್ ಒಳಗೆ ಬಂದರು. "ಯಾಕಕ್ಕ, ಮುಖ ಒಂಥರಾ ಇದೆ?"

"ನಾನೇನ್ ಮಾಡ್ದೆ?" ಎಂದಳು ಅಕ್ಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಅವರಿಗೆ ಅದೇನೂ ತಲೆಗೆ ಹೋಗಲಿಲ್ಲ. "ಗಾಳಿ ಜೋರಾಗ್ತಿದೆ. ಬಾಣಲೆ ಎತ್ತಿಡೋಣ್ವಾ?"

"ಎತ್ತಿಡಿ" ಎಂದಳು. ಎತ್ತಿಟ್ಟರೆ ಮುಳ್ಳು ಕುಣಿಯುವುದನ್ನು ಇನ್ಯಾರೂ ನೋಡುವುದಿಲ್ಲ ಎಂಬುದು ಅವಳ ಮನಸ್ಸಿಗೆ ಮೊದಲು ಹೊಳೆದದ್ದು. ಹಾಗೆ ಹೊಳೆದದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಸಂಜೆ ಮನೆಗೆ ಬಂದರೆ ಪರದೆ ಕಿಟಕಿಯಲ್ಲಿರಲಿಲ್ಲ. ಗಂಡ ಅದನ್ನು ಇಳಿಸಿ, ಒಗೆದು, ಮಹಡಿಯ ಹಗ್ಗಕ್ಕೆ ಹಾಕಿದ್ದ. "ಎಷ್ಟು ಧೂಳು ಬಿಡ್ತು ಗೊತ್ತಾ? ನೀರು ಮೂರು ಸಲ ಬದಲಾಯಿಸ್ದೆ" ಎಂದ, ದೊಡ್ಡ ಸಾಹಸ ಮಾಡಿದವನಂತೆ. ಅಕ್ಕ ಊಟ ಮಾಡಿದೆ ಎಂದು ಸುಳ್ಳು ಹೇಳಿ ಹೋಗಿ ಮಲಗಿದಳು. ನಿದ್ದೆ ಹತ್ತಿರ ಸುಳಿಯಲಿಲ್ಲ. ಇಷ್ಟು ವರ್ಷ ನಿದ್ದೆಗಾಗಿ ಹಾತೊರೆದವಳು, ಮಲಗಲು ಇಡೀ ರಾತ್ರಿ ಸಿಕ್ಕಾಗ ಮಗ್ಗುಲು ಬದಲಿಸುತ್ತ ಕಳೆದಳು.

ಬೆಳಗಿನ ಹೊತ್ತಿಗೆ ಸ್ವಲ್ಪ ಕಣ್ಣು ಹತ್ತಿತ್ತು. ಮುಖದ ಮೇಲೆ ಬಿಸಿಲು ಬಿದ್ದು ಎಚ್ಚರವಾಯಿತು. ಆ ಕೋಣೆಯಲ್ಲಿ ಬಿಸಿಲು ಹೇಗಿರುತ್ತದೆ ಎಂಬುದನ್ನೇ ಅವಳು ಮರೆತಿದ್ದಳು. ಪರದೆಯ ಮರೆಯಲ್ಲಿದ್ದ ಜಾಗದ ಗೋಡೆ ಇನ್ನೂ ಹೊಸದಾಗಿತ್ತು, ಸುತ್ತಲಿನ ಗೋಡೆ ಮಾಸಿತ್ತು. ಶಾಲೆಗೆ ಅವತ್ತು ರಜೆ. ಗಂಡ ಟೀ ಮಾಡಿ ತಂದ. ಅತ್ತೆ ಕುರ್ಚಿ ಎಳೆಸಿಕೊಂಡು ಕಿಟಕಿಯ ಬಳಿ ಕೂತು, "ಎದುರು ಮನೆಯವಳು ಸ್ಕೂಟರ್ ತಗೊಂಡಿದಾಳೆ ಕಣೋ, ನಮಗೆ ಗೊತ್ತೇ ಇಲ್ಲ" ಎಂದು ಬೀದಿಯ ವರದಿ ಕೊಡುತ್ತಿದ್ದಳು. ಮೂವರೂ ಒಂದೇ ಹೊತ್ತಿನಲ್ಲಿ, ಒಂದೇ ಬೆಳಕಿನಲ್ಲಿ ಕೂತು ಟೀ ಕುಡಿದರು. ಇಷ್ಟೇ ಅಕ್ಕನಿಗೆ ಬೇಕಾಗಿದ್ದದ್ದು. ಅರಮನೆ ಅವಳು ಯಾವತ್ತೂ ಕೇಳಿರಲಿಲ್ಲ.

ಟೀ ಮುಗಿಸಿ ಗಂಡ ಒಣಗಿದ ಪರದೆಯನ್ನು ನೆಲದ ಮೇಲೆ ಹಾಸಿದ. ಸೀಮೆಸುಣ್ಣದಲ್ಲಿ ಗೆರೆ ಹಾಕಿದ. "ಗಟ್ಟಿ ಬಟ್ಟೆ, ಸುಮ್ನೆ ಯಾಕೆ ಹಾಳಾಗ್ಬೇಕು? ಬಸ್ಸಿನ ಬಾನೆಟ್‌ಗೆ ಒಂದು ಹೊದಿಕೆ, ಉಳಿದಿದ್ರಲ್ಲಿ ಅಮ್ಮನ ಕುರ್ಚಿಗೊಂದು ದಿಂಬು" ಎಂದು ಮಂಡಿಯೂರಿ ಕೂತು ಕತ್ತರಿಯ ಬಾಯಿ ತೆರೆದು ಬಟ್ಟೆಯ ಅಂಚಿಗಿಟ್ಟ.

"ಕತ್ತರಿ ಹಾಕ್ಬೇಡಿ ರೀ" ಎಂದಳು ಅಕ್ಕ.

"ಯಾಕೆ? ಅಳತೆ ತಪ್ಪಾಯ್ತಾ?"

"ಕೊನೇ ಸೀಟು ನಾನು ನೋಡಿರ್ಲಿಲ್ಲ."

ಗಂಡ ತಲೆಯೆತ್ತಿದ. ಅಕ್ಕ ಎಲ್ಲವನ್ನೂ ಹೇಳಿದಳು: ಗೇರ್‌ಬಾಕ್ಸು, ಆಸ್ಪತ್ರೆಯ ಬೆಂಚು, 'ಸರಿಯಿದೆ' ಎಂದ ಸುಳ್ಳು, ನಿನ್ನೆಯ ಗಾಳಿ. ಅವನು ಕತ್ತರಿಯನ್ನು ಹಿಡಿದುಕೊಂಡೇ ಕೇಳಿದ.

"ಇದು ಬೇರೆ ಯಾರಿಗಾದ್ರೂ ಗೊತ್ತಾ?"

"ನನಗೊಬ್ಬಳಿಗೆ."

"ಹೇಳದಿದ್ರೆ?"

"ಇವತ್ತು ರಾತ್ರಿ ಆರಿಸ್ತಾರೆ. ನಾನೇ ಬಟನ್ ಒತ್ಬೇಕು."

ಅವನು ನೆಲದ ಮೇಲೆ ಬಿದ್ದಿದ್ದ ಬಿಸಿಲನ್ನು ನೋಡಿದ. ಅವನಿಗೂ ಆಸೆಯಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮುಖದಲ್ಲೇ ಕಾಣುತ್ತಿತ್ತು.

"ಅದು ತಾನಾಗೇ ಸತ್ತಿದ್ರೆ ನನ್ನಷ್ಟು ಖುಷಿ ಪಡೋರು ಯಾರೂ ಇರ್ತಿರ್ಲಿಲ್ಲ" ಎಂದಳು ಅಕ್ಕ. "ಆದ್ರೆ ಅದು ಸಾಯ್ತಾ ಇಲ್ವಲ್ಲ ರೀ. ಚೆನ್ನಾಗೇ ಮಾತಾಡ್ತಿದೆ. ನಾನೇ ಆ ಕಡೆ ಮುಖ ತಿರುಗಿಸ್ಕೊಂಡು ಕೂತಿದೀನಿ. ನಾಳೆಯಿಂದ ನನಗೆ ಈ ಬಿಸಿಲಲ್ಲಿ ಕೂತು ಟೀ ಇಳಿಯುತ್ತಾ?"

ಗಂಡ ಎದ್ದು, ಕತ್ತರಿ ತೆಗೆದುಕೊಂಡು ಅಡುಗೆಮನೆಗೆ ಹೋದ. ವಾಪಸ್ಸು ಬರಲಿಲ್ಲ. ಸಿಟ್ಟೋ, ಬೇಸರವೋ, ಅಕ್ಕನಿಗೆ ತಿಳಿಯಲಿಲ್ಲ. ಕಿಟಕಿಯ ಬಳಿಯಿಂದ ಅತ್ತೆಯೇ ಬಾಯಿ ಬಿಟ್ಟಳು: "ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ. ಬಾಣಲೆ ಡೊಂಕಿಟ್ಕೊಂಡು, ಪಾಪ, ಅದಕ್ಕೆ ವಯಸ್ಸಾಯ್ತು ಅಂದ್ಬಿಟ್ರಲ್ಲೇ. ಹೋಗು, ಹೋಗಿ ಹೇಳು. ಮುದುಕರ ಶಾಪ ಒಳ್ಳೇದಲ್ಲ."

ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಗುಡ್ಡದ ಮೇಲೆ ಇನ್‌ಚಾರ್ಜ್ ಅವಳನ್ನು ನೋಡಿ ಆಶ್ಚರ್ಯಪಟ್ಟರು. ಪಾಳಿ ಇದ್ದದ್ದು ರಾತ್ರಿಗೆ. ಅಕ್ಕ ಕೂರದೆ, ನಿಂತೇ ಹೇಳಿದಳು.

"ಅವತ್ತು ಕೇಳಿದ್ನಲ್ಲ ಅಕ್ಕ ನಾನು" ಎಂದರು ಅವರು. ಮುಖ ಬಿಳಿಚಿಕೊಂಡಿತ್ತು. ಅವಳ ಮಾತು ನಂಬಿ ರಿಪೇರಿ ಸರಿಯಾಗಿದೆ ಎಂದು ಸಹಿ ಹಾಕಿದ್ದವರು ಅವರೇ.

"ಕೇಳಿದ್ರಿ. ನಾನು ಸುಳ್ಳು ಹೇಳ್ದೆ."

ಅವರು ಸಿಟ್ಟಾದರು, ಆಗಬೇಕಾದದ್ದೇ. ನಾಲ್ಕು ಮಾತು ಗಟ್ಟಿಯಾಗಿಯೇ ಅಂದರು. ಅಕ್ಕ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು. ಆಮೇಲೆ ಇಬ್ಬರೂ ಸೇರಿ ಬಾಣಲೆಯನ್ನು ಸೂರ್ಯನ ಕಡೆಗೆ ತಿರುಗಿಸಿದರು. ಮೋಟಾರು ನರಳುತ್ತ ಆ ದೊಡ್ಡ ಮುಖವನ್ನು ಮೇಲಕ್ಕೆತ್ತಿತು. ಲೆಕ್ಕ ಹೇಳಿದ ಜಾಗದಲ್ಲಿ ಸೂರ್ಯನ ದನಿ ಮಂಕಾಗಿ ಕೇಳಿತು. ಮೆಲ್ಲಗೆ ಪಕ್ಕಕ್ಕೆ ಸರಿಸಿದರು, ಇನ್ನೂ ಸ್ವಲ್ಪ. ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಸಿದ ಮೇಲೆ ಗೊರಗೊರ ಜೋರಾಯಿತು. ಸೊಟ್ಟ ಇದ್ದದ್ದು ಅಷ್ಟೇ. ಬರಿಗಣ್ಣಿಗೆ ಕಾಣುವಂಥದ್ದಲ್ಲ.

ಆ ತಪ್ಪನ್ನು ಕಂಪ್ಯೂಟರಿಗೆ ತಿಳಿಸಿ, ಬಾಣಲೆಯನ್ನು ಮತ್ತೆ ಉಪಗ್ರಹದ ಕಡೆಗೆ ತಿರುಗಿಸಿದರು. ಅದು ಇನ್ನೂ ದೂರದಲ್ಲೇ ಇತ್ತು, ರಾತ್ರಿಯ ಭೇಟಿಗೆ ಆಗತಾನೇ ಇಳಿಯತೊಡಗಿತ್ತು. ಮುಳ್ಳು ಎದ್ದು ನಿಂತಿತು, ಮೊದಲ ವರ್ಷ ನಿಲ್ಲುತ್ತಿದ್ದ ಜಾಗದಲ್ಲೇ.

ಇನ್‌ಚಾರ್ಜ್ ಮೇಷ್ಟ್ರಿಗೆ ಫೋನು ಮಾಡಿ, ಫೋನನ್ನು ಅಕ್ಕನ ಕೈಗೆ ಕೊಟ್ಟರು. ನೀವೇ ಹೇಳಿ ಎಂಬ ಹಾಗೆ. ಅಕ್ಕ ಹೇಳಿದಳು. ಮೇಷ್ಟ್ರು, "ಅದಕ್ಕೆ ವಯಸ್ಸಾಯಿತು ಅಂತ ನಾನೂ ನಂಬಿಬಿಟ್ಟಿದ್ದೆನಲ್ಲಮ್ಮ" ಎಂದರು. ಮುದುಕರು ಅಳುತ್ತಿದ್ದರು. ಅಕ್ಕನಿಗೆ ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಆರಿಸುವ ಆಜ್ಞೆ ರದ್ದಾಯಿತು. ಮಾಡಿದ ತಪ್ಪಿಗೆ ಏನು ಶಿಕ್ಷೆ ಎಂಬುದು ಮೇಲಿನವರಿಗೆ ಬಿಟ್ಟ ಮಾತು. ಅದು ಬರುವವರೆಗೆ ಬಾಣಲೆಯನ್ನು ಯಾರಾದರೂ ತಿರುಗಿಸಬೇಕಲ್ಲ. ಇನ್‌ಚಾರ್ಜ್ ಗೋಡೆಯ ಬೋರ್ಡಿನಲ್ಲಿ ರಾತ್ರಿಯ ಪಾಳಿಯ ಮುಂದೆ 'ಅಕ್ಕ' ಎಂದು ಬರೆದರು. ಬರೆದು, ತಿರುಗಿ ನೋಡದೆ, "ಮನೆಗೆ ಹೋಗಿ ಸ್ವಲ್ಪ ಮಲ್ಕೊಂಡು ಬನ್ನಿ" ಎಂದರು.

ಬೀದಿಯ ತಿರುವಿನಲ್ಲಿ ಅಕ್ಕನ ಕಾಲುಗಳು ನಿಧಾನವಾದವು. ಗಂಡನಿಗೆ ಏನು ಹೇಳುವುದು, ಬಿಸಿಲು ತುಂಬಿದ ಆ ಕೋಣೆಯಲ್ಲಿ ಹೇಗೆ ಮಲಗುವುದು, ಏನೂ ತೋಚಲಿಲ್ಲ. ಅಳುವಷ್ಟೂ ಶಕ್ತಿ ಇರಲಿಲ್ಲ. ತಲೆಯೆತ್ತಿ ಮನೆಯ ಕಡೆ ನೋಡಿದಳು.

ಕಿಟಕಿ ಕಪ್ಪಗಿತ್ತು.

ಒಳಗೆ ಅತ್ತೆಯ ಕುರ್ಚಿ ಹಜಾರಕ್ಕೆ ಬಂದಿತ್ತು. "ಸ್ಕೂಟರ್ ಯಾವ ಬಣ್ಣದ್ದು ಅಂತ ಸರಿಯಾಗಿ ನೋಡೋಕೂ ಬಿಡ್ಲಿಲ್ಲ ನನ್ನ ಮಗ" ಎಂದು ಅವಳು ಗೊಣಗಿದಳು, ದನಿ ತಗ್ಗಿಸಿಕೊಂಡು. ಕೋಣೆಯೊಳಗೆ ಪರದೆ ತನ್ನ ಹಳೆಯ ಮೊಳೆಗಳಿಗೇ ಬಿಗಿಯಾಗಿ ನಿಂತಿತ್ತು. ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಇನ್ನೂ ಅಳಿಸಿರಲಿಲ್ಲ. ಗಂಡ ಸ್ಟೂಲಿನ ಮೇಲೆ ನಿಂತು ಕೊನೆಯ ಮೂಲೆಯಲ್ಲಿ ಬೆಳಕು ಸೋರುತ್ತಿದ್ದ ಸಂದಿಗೆ ಬಟ್ಟೆ ತುರುಕುತ್ತಿದ್ದ.

"ಎಷ್ಟು ವರ್ಷ ಅಂತೆ?" ಎಂದ, ಇಳಿಯದೆ.

"ನಾಲ್ಕೋ ಐದೋ."

"ಇವತ್ತಿನ ಪಾಳಿ?"

"ರಾತ್ರಿ."

"ಹಾಗಾದ್ರೆ ಮಾತಾಡ್ಬೇಡ, ಮಲ್ಕೋ."

ಅಕ್ಕ ಮಲಗಿದಳು. ಸ್ಟೂಲು ಪಕ್ಕಕ್ಕೆ ಸರಿದ ಸದ್ದಾಯಿತು. ಅವನು ಹೊರಗೆ ಹೋಗುತ್ತಾನೆ ಎಂದುಕೊಂಡಳು. ಹೋಗಲಿಲ್ಲ. ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿ, ಬಂದು ಅವಳ ಪಕ್ಕದಲ್ಲಿ ಮಲಗಿದ. ಹಾಸಿಗೆ ಇಬ್ಬರಿಗೆ ಕೊಂಚ ಇಕ್ಕಟ್ಟೆನಿಸಿತು, ಅಭ್ಯಾಸ ತಪ್ಪಿತ್ತು. ಅವಳಿಗೆ ಕೂಡಲೇ ನಿದ್ದೆ ಹತ್ತಿತು. ಹಗಲು ನಿದ್ದೆಯೇ ಬಾರದ ಆ ಮನುಷ್ಯ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು, ಅವಳಿಗೆ ಎಚ್ಚರವಾದೀತೆಂದು ಮಗ್ಗುಲು ಕೂಡ ಬದಲಿಸದೆ, ಸಂಜೆಯವರೆಗೂ ಹಾಗೇ ಮಲಗಿದ್ದ.